ನಾಲ್ಕು ಬೆರಳು ಗಿಡ್ಡವಾದ ಬಚ್ಚಲು

ಟೈಲರ್ ಮಾಸ್ಟರರ ಅಳತೆ ತಪ್ಪಿದ್ದನ್ನು ಕಂಡವರಿಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎಡಭುಜ ಎಷ್ಟು ಇಳಿದಿದೆ, ಹೊಟ್ಟೆ ಕಳೆದ ಸಲಕ್ಕಿಂತ ಎಷ್ಟು ಮುಂದೆ ಬಂದಿದೆ ಎಂದು ಕಣ್ಣಲ್ಲೇ ಅಳೆದುಬಿಡುವವರು. ಸಾವಿನ ಮನೆಗೆ ಹೋದರೂ ಅವರ ಕಣ್ಣಿಗೆ ಮೊದಲು ಬೀಳುವುದು ಅಳುತ್ತಿರುವವರ ಕಾಲರು. ಇಂಥವರು ಸ್ವಂತ ಮನೆಯ ಬಚ್ಚಲನ್ನು ಅಳೆಯಲು ಇನ್ನೊಬ್ಬರನ್ನು ಕರೆಯುತ್ತಾರೆಯೇ?

ಬಚ್ಚಲೆಂದರೆ ಸ್ನಾನಕ್ಕೂ ಅದೇ, ಶೌಚಕ್ಕೂ ಅದೇ. ಒಬ್ಬರು ಒಳಗೆ ಹೋಗಬೇಕಾದರೆ ಬಕೆಟ್ಟು ಹೊರಗೆ ಬರಬೇಕು, ಅಷ್ಟು ವಿಶಾಲ. ಕುಕ್ಕರಗಾಲಿನಲ್ಲಿ ಕೂರುವ ಹಳೇ ಬೇಸಿನ್ನು. ಮದುವೆಯಾದಾಗಿನಿಂದ ಯಾರ ತಕರಾರೂ ಇಲ್ಲದೆ ನಡೆದುಕೊಂಡು ಬಂದಿತ್ತು. ಆದರೆ ಹೆಂಡತಿ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಮೊಣಕಾಲಿಗೆ ಆಪರೇಷನ್ ಆಯಿತು. ಆಮೇಲೆ ಆ ಕಾಲು ಗಜಕಡ್ಡಿಯಂತೆ ನೆಟ್ಟಗೆ ನಿಂತುಬಿಟ್ಟಿತು. ಇನ್ನು ಅದು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಕುರ್ಚಿಯಲ್ಲಿ ಕೂತರೂ ಕಾಲು ಎದುರಿಗೆ ಚಾಚಿಕೊಂಡೇ ಇರಬೇಕು.

ಎದುರು ಮನೆಯಲ್ಲಿ ಕುರ್ಚಿಯಂಥ ಕಮೋಡ್ ಇತ್ತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗಳ ಹೆಗಲು ಹಿಡಿದು ಆಕೆ ರಸ್ತೆ ದಾಟುತ್ತಿದ್ದಳು. ಆ ಮನೆಯವರು ಒಳ್ಳೆಯವರೇ, "ಬನ್ನಿ ಬನ್ನಿ" ಎಂದು ನಗುತ್ತಲೇ ಕರೆಯುತ್ತಿದ್ದರು. ಆದರೆ ಮೂರನೇ ಸಲ ಆ ಬಾಗಿಲು ತಟ್ಟಲು ಆಕೆಯ ಮಾನ ಒಪ್ಪಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಳು. ನೀರು ಕುಡಿಯುವುದನ್ನೇ ಬಿಟ್ಟಳು. ಮಗಳು ತಂದಿಡುತ್ತಿದ್ದ ನೀರೆಲ್ಲ ಕಿಟಕಿಯಾಚೆಯ ಗಿಡಕ್ಕೆ. ಗಿಡ ಸೊಂಪಾಗಿ ಚಿಗುರಿತು, ಆಕೆ ಜ್ವರ ಹತ್ತಿ ಮಲಗಿದಳು.

"ಸೋಂಕು ಕಿಡ್ನಿ ತನಕ ಹೋಗಿದೆ," ಎಂದು ಡಾಕ್ಟರು ಮಾಸ್ಟರನ್ನೇ ಬೈದರು. "ನೀರು ಕುಡೀದಿದ್ರೆ ಕಿಡ್ನಿ ಕೆಟ್ಟೇ ಹೋಗುತ್ತೆ. ಆಮೇಲೆ ನನ್ನ ಕೈಲೂ ಏನೂ ಮಾಡಕ್ಕಾಗಲ್ಲ."

ಮನೆಗೆ ಬಂದ ಆಕೆ ಲೋಟವನ್ನು ಬೋರಲು ಹಾಕಿ ಹೇಳಿದಳು: "ಮೊದ್ಲು ಕೂರೋಕೆ ಒಂದು ಜಾಗ ಮಾಡ್ಕೊಡಿ. ಆಮೇಲೆ ಕೊಡಗಟ್ಟಲೆ ಕುಡೀತೀನಿ."

ಆಗ ಭಾಮೈದ ಬಂದ. ಟೈಲ್ಸ್ ಅಂಗಡಿಯ ಗಾಡಿ ಓಡಿಸುವವನು, ಅದಕ್ಕೆ ಮುಂಚೆ ಸ್ವಲ್ಪ ಕಾಲ ಗಾರೆ ಕೆಲಸವನ್ನೂ ಮಾಡಿದವನು. "ಹೊರಗಿನವರಿಗೆ ಯಾಕೆ ಭಾವ ದುಡ್ಡು ಸುರೀತೀರಾ? ನಾನಿಲ್ವಾ?" ಎಂದ. ಸಂಸಾರಸ್ಥನ ಬಾಳಿನಲ್ಲಿ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ಆದರೆ ಮಾಸ್ಟರ ಕೈ ಖಾಲಿ. ಆಪರೇಷನ್ನಿಗೆ ಎರಡನೇ ಹೊಲಿಗೆ ಮಿಷಿನ್ನೇ ಹೋಗಿತ್ತು.

ಅವನ ಅಂಗಡಿಯಲ್ಲಿ ಉಳಿದ ಟೈಲ್ಸ್ ಬಂದವು. ಅರ್ಧ ನೀಲಿ, ಅರ್ಧ ಹಸಿರು, ನಡುವೆ ಹೂವಿನವು ನಾಲ್ಕು. ಬಾಳಿನಲ್ಲಿ ಯಾರ ಬಟ್ಟೆಗೂ ತೇಪೆ ಕಾಣುವಂತೆ ಹಾಕದ ಮಾಸ್ಟರು ಅತ್ತ ತಿರುಗಿ ನೋಡಲಿಲ್ಲ. ಕಮೋಡು ಬಂದದ್ದು ಯಾವುದೋ ಕೆಡವುತ್ತಿದ್ದ ಲಾಡ್ಜಿನಿಂದ.

"ಎಂತೆಂಥಾ ದೊಡ್ಡೋರು ಕೂತೆದ್ದ ಸೀಟು ಗೊತ್ತಾ ಭಾವ!"

"ಅದನ್ನ ನಿಮ್ಮಕ್ಕನ ಮುಂದೆ ಬಾಯಿ ಬಿಡಬೇಡ, ಮಾರಾಯ."

ಅಳತೆಯೊಂದನ್ನು ಮಾತ್ರ ಮಾಸ್ಟರು ಯಾರಿಗೂ ಬಿಟ್ಟುಕೊಡಲಿಲ್ಲ. ಕೊರಳಿನ ಟೇಪು ತೆಗೆದು ಹಿಂಗೋಡೆಯಿಂದ ಬಾಗಿಲಿನವರೆಗೆ ಅಳೆದರು. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿನಿಂದ ಚಾಚಿದ ಹಿಮ್ಮಡಿಯವರೆಗೆ ಅಳೆದರು. "ಪ್ಯಾಂಟು ಹೊಲೀತೀರೇನ್ರೀ ನಂಗೆ?" ಎಂದು ಆಕೆ ಬಹಳ ದಿನದ ಮೇಲೆ ನಕ್ಕಳು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದರೆ, ಕಮೋಡು ಇಟ್ಟ ಮೇಲೂ ಹಿಮ್ಮಡಿಯ ಮುಂದೆ ಎರಡು ಬೆರಳು ಸಡಿಲ. ಲೆಕ್ಕ ಪಕ್ಕಾ.

ಹಿಂಗೋಡೆ ಡೊಂಕಾಗಿತ್ತು. ಭಾಮೈದ ಅದನ್ನು ನೆಟ್ಟಗೆ ಮಾಡಲು ಗಾರೆ ಮೆತ್ತಿದ. ಮೆತ್ತಿದ ಮೇಲೆ ಇನ್ನೊಂದು ಕಡೆ ಡೊಂಕು ಕಂಡಿತು, ಅಲ್ಲೂ ಮೆತ್ತಿದ. ಅದರ ಮೇಲೆ ಟೈಲ್ಸ್. ಮಗಳು ಸಿಮೆಂಟು ಕಲಸಿಕೊಟ್ಟಳು, ಮಾಸ್ಟರು ನೀರು ಹೊತ್ತರು. ಬಾಗಿಲು ಹೊರಕ್ಕೆ ತಿರುಗಿತು, ಕಮೋಡು ಕೂತಿತು, ಸಿಮೆಂಟು ಒಣಗಿತು. ಭಾಮೈದನ ರಜೆಯೂ ತೀರಿತು.

ಹೆಂಡತಿ ಸೆರಗು ಸರಿಮಾಡಿಕೊಂಡು, ಹೊಸ ಮನೆಗೆ ಹೋಗುವವಳಂತೆ ಒಳಗೆ ಹೋಗಿ ಕೂತಳು. ಕಾಲು ಚಾಚಿದಳು. ಮಾಸ್ಟರು ಬಾಗಿಲು ಹಾಕಲು ಹೋದರು. ಬಾಗಿಲು ಹಿಮ್ಮಡಿಗೆ ತಗುಲಿ ನಿಂತಿತು. ನಾಲ್ಕು ಬೆರಳು ಸಾಲದು.

ಭಾಮೈದ ತಲೆ ಕೆರೆದುಕೊಂಡ. "ಗಾರೆ, ಟೈಲ್ಸ್ ದಪ್ಪ ಲೆಕ್ಕಕ್ಕೆ ಹಿಡೀಲಿಲ್ವಾ ಭಾವ?"

ಮಾಸ್ಟರು ಮತ್ತೆ ಗೋಡೆಗೆ ಟೇಪು ಹಿಡಿದು ನೋಡಿದರು. ಕೋಟಿಗೆ ಲೈನಿಂಗ್ ಕೊಟ್ಟರೆ ಒಳಗೆ ಬಿಗಿಯಾಗುತ್ತದೆ ಎಂಬುದು ಕಾಜಾ ಹೊಲಿಯುವ ಹುಡುಗರಿಗೂ ಗೊತ್ತು. ಮೂವತ್ತು ವರ್ಷ ಊರವರ ಕೋಟುಗಳಿಗೆ ಲೈನಿಂಗ್ ಹಿಡಿದು ಕತ್ತರಿಸಿದವರು, ಹೆಂಡತಿಯ ಬಚ್ಚಲಿಗೆ ಮರೆತಿದ್ದರು. ಒಡೆದು ಹಿಂದೆ ಸರಿಸೋಣವೆಂದರೆ ಪೈಪಿನ ಬಾಯಿ ನೆಲದಲ್ಲಿ ಸಿಮೆಂಟಾಗಿದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂದು ಹೇಳಿಕೊಂಡೇ ಸಂಸಾರ ಮಾಡಿದವರು ಅವರು. ಈಗ ಚಾಚದೆ ಗತಿಯಿಲ್ಲದ ಕಾಲಿಗೆ ಏನು ಹೇಳುವುದು?

ಆಕೆ ಎದ್ದು ಬಂದು, ಮಗಳು ನೆಟ್ಟಗಿಟ್ಟಿದ್ದ ಲೋಟವನ್ನು ಮತ್ತೆ ಬೋರಲು ಹಾಕಿ, "ಎದುರು ಮನೆಗೆ ಕರ್ಕೊಂಡ್ಹೋಗೇ," ಎಂದು ಮಗಳ ಹೆಗಲಿಗೆ ಕೈಹಾಕಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಮಾಸ್ಟರು ಹೋಗಿ ಲಾಡ್ಜಿನ ಸೀಟಿನ ಮೇಲೆ ತಲೆಗೆ ಕೈಕೊಟ್ಟು ಕೂತರು. ಕೂರಲು ಮನೆಯಲ್ಲಿ ಅದೊಂದೇ ಹೊಸ ಜಾಗ.

"ಬಾಗಿಲು ತೆಗೆದು ಪರದೆ ಹಾಕಣ್ವಾ ಅಪ್ಪ?" ಎಂದಳು ಮಗಳು, ಹಿಂತಿರುಗಿ ಬಂದ ಮೇಲೆ.

"ಪರದೇನಾ?" ತಾಯಿಗೆ ಸಿಟ್ಟು ಬಂತು. "ಗಾಳಿ ಬಂದ್ರೆ ಹಾರುತ್ತೆ. ಯಾರಾದ್ರೂ ಎಳೆದ್ರೆ ಮುಗೀತು. ಅದಕ್ಕಿಂತ ಬಾಯಾರಿ ಸಾಯೋದೇ ಮೇಲು."

ಅದು ತಮಾಷೆಯ ಮಾತಾಗಿರಲಿಲ್ಲ. ಮಾಸ್ಟರು ಎದ್ದು ಅಂಗಡಿಗೆ ನಡೆದರು.

ಅಲ್ಲಿ ಬೀರುವಿನೊಳಗೆ ಒಂದು ಕೋಟಿನ ಬಟ್ಟೆಯಿತ್ತು. ಮದುವೆ ಮುರಿದುಬಿದ್ದ ಯಾರೋ ಗಂಡು ಕೊಟ್ಟು ಹೋದದ್ದು, ಮತ್ತೆ ಬಂದಿರಲಿಲ್ಲ. ವರ್ಷಗಳಾದರೂ ಮಾಸ್ಟರು ಅದನ್ನು ಮುಟ್ಟಿರಲಿಲ್ಲ. ಗಿರಾಕಿಯ ಬಟ್ಟೆಯನ್ನು ಕಣ್ಣಿನಂತೆ ಕಾಯಬೇಕು ಎನ್ನುವುದು ಅವರಪ್ಪ ಕಲಿಸಿದ ಪಾಠ. ಬಟ್ಟೆ ಹಾಸಿ ಕತ್ತರಿ ಹಿಡಿದರು. "ನಿನ್ನ ಮದುವೆಗಂತೂ ಆಗಲಿಲ್ಲ, ಕ್ಷಮಿಸಪ್ಪಾ," ಎಂದು ಕತ್ತರಿಸಿದರು.

ಪರದೆಯನ್ನು ಕೋಟು ಹೊಲಿದಂತೆಯೇ ಹೊಲಿದರು. ನಡುವೆ ಕ್ಯಾನ್ವಾಸು, ಒಳಗೆ ಲೈನಿಂಗು, ಹಾರದಂತೆ ಕೆಳಗಿನ ಮಡಿಕೆಯಲ್ಲಿ ತುಕ್ಕು ಹಿಡಿದ ಬೀಗದ ಕೈಗಳು. ಬಾಗಿಲು ಕಳಚಿ, ಒಂದು ಅಂಚನ್ನು ಅದರ ಚೌಕಟ್ಟಿಗೆ ಪಟ್ಟಿ ಹೊಡೆದು ಭದ್ರಮಾಡಿದರು. ಇನ್ನೊಂದು ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಕೋಟಿನ ದೊಡ್ಡ ಗುಂಡಿಗಳು, ಎದುರು ಚೌಕಟ್ಟಿಗೆ ಹೊಡೆದ ಪಟ್ಟಿಯಲ್ಲಿ ಅವಕ್ಕೆ ಕಾಜಾ, ಹಾಕುವುದೂ ಬಿಚ್ಚುವುದೂ ಒಳಗಿನಿಂದಲೇ. ಹಿಮ್ಮಡಿ ತಾಗುವ ಕಡೆ ಆರು ಬೆರಳಿನ ನೆರಿಗೆ ಬಿಟ್ಟರು. ಈ ಸಲ ಲೈನಿಂಗ್ ದಪ್ಪವನ್ನು ಎರಡೆರಡು ಸಲ ಲೆಕ್ಕ ಹಾಕಿದರು.

ಪರದೆ ನೋಡಲು ಭಾಮೈದನೂ ಬಂದ. ಹೆಂಡತಿ ಅದನ್ನು ಎಳೆದು ನೋಡಿದಳು. ಜಗ್ಗಿದಳು. ತೂಗಿ ನೋಡಿದಳು. ಒಳಗೆ ಹೋದಳು. ಒಂದೊಂದೇ ಗುಂಡಿ ಕಾಜಾಕ್ಕೆ ಸೇರುವುದು ಹೊರಗಿದ್ದ ಮೂವರಿಗೂ ಗೊತ್ತಾಯಿತು. ಕೊನೆಗೆ ನೆರಿಗೆ ನಿಧಾನವಾಗಿ ಉಬ್ಬಿ, ಒಂದು ಹಿಮ್ಮಡಿಯ ಆಕಾರ ತಳೆದು, ಅಲ್ಲಾಡದೆ ನಿಂತಿತು.

"ಅಲ್ಲೇನ್ರೀ ನಿಂತ್ಕೊಂಡಿದ್ದೀರಾ ಮೂರು ಜನಾನೂ? ಹೋಗ್ರೀ ಆಚೆ!"

ಮೂವರೂ ಓಡಿದರು. ಓಟದಲ್ಲಿ ಭಾಮೈದ ಬಕೆಟ್ಟು ಎಡವಿದ.

ಆಕೆ ಹೊರಬಂದು ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಬೋರಲು ಬಿದ್ದಿದ್ದ ಲೋಟವನ್ನು ನೆಟ್ಟಗೆ ಇಟ್ಟಳು. ಮಗಳು ನೀರು ತುಂಬಿದಳು. ಆಕೆ ಗಟಗಟ ಕುಡಿದಳು, ಮತ್ತೆ ಲೋಟ ಮುಂದೆ ಚಾಚಿದಳು, ಅದನ್ನೂ ಕುಡಿದಳು. ಗಂಟಲು ಏರಿಳಿಯುವುದನ್ನು ಮಾಸ್ಟರು ಕಣ್ಣು ಮಿಟುಕಿಸದೆ ನೋಡಿದರು.

ಆಕೆ ಬಾಯೊರೆಸಿಕೊಂಡು ಹೇಳಿದಳು: "ಮೂರನೇ ಗುಂಡಿ ಬಿಗಿ. ಅವಸರದಲ್ಲಿ ಬಿಚ್ಚಕ್ಕಾಗಲ್ಲ."

ಮಾಸ್ಟರು ಕತ್ತರಿ ಹುಡುಕಲು ಎದ್ದರು.