ಯಾರ ಜೀವಕ್ಕೆ ಆಜೀವ?

ಔಷಧಿಯ ಸಗಟು ಮಳಿಗೆಯಲ್ಲಿ ಅವಧಿ ಮುಗಿಯುವ ದಿನಾಂಕ ನೋಡದೆ ಒಂದು ಕೆಮ್ಮಿನ ಸಿರಪ್ಪೂ ಬಾಗಿಲು ದಾಟುವುದಿಲ್ಲ. ಹಾಗೆ ದಾಟದಂತೆ ಹನ್ನೊಂದು ವರ್ಷದಿಂದ ಕಂಪ್ಯೂಟರಿನಲ್ಲಿ ಕಾವಲು ಕೂತವಳು ಸರ್ವರಮ್ಮ. ತಾಯಿತಂದೆ ಇಟ್ಟ ಹೆಸರು ಬೇರೆ. ಆದರೆ ಸರ್ವರ್ ಕೋಣೆಯ ಬೀಗದ ಕೈ ಅವಳ ಹತ್ತಿರವೇ ಇರುತ್ತಿದ್ದುದರಿಂದ ಈ ಹೆಸರು ಅಂಟಿಕೊಂಡಿತು. ಅವಳೂ ಬೇಡ ಎನ್ನಲಿಲ್ಲ. ಪುಕ್ಕಟೆ ಸಿಕ್ಕ ಬಡ್ತಿಯನ್ನು ಯಾರು ಬಿಡುತ್ತಾರೆ?

ಕುರ್ಚಿಯ ಹಿಂದಿನ ಗೋಡೆಯಲ್ಲಿ ಅವಳ ಪ್ರಮಾಣಪತ್ರವಿತ್ತು. ದಾಸ್ತಾನಿನ ಸಾಫ್ಟ್‌ವೇರನ್ನು, ಅದರ ಆರನೇ ಆವೃತ್ತಿಯನ್ನು, ನಡೆಸಬಲ್ಲಳು ಎಂದು ಪರೀಕ್ಷೆ ಬರೆದು ಗಳಿಸಿದ್ದು. ಅಡಿಯಲ್ಲಿ ಎರಡೇ ಪದ: ‘ಆಜೀವ ಮಾನ್ಯ’. ಸಾವಿರಾರು ಡಬ್ಬಿಗಳ ಆಯಸ್ಸನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವಳು ಈ ಒಂದು ಕಾಗದವನ್ನು ಮಾತ್ರ ಅನುಮಾನಿಸಿರಲಿಲ್ಲ.

ಒಂದು ಸೋಮವಾರ ಯಜಮಾನರು ಕರೆದರು. ಒಳ್ಳೆಯ ಸುದ್ದಿಯಾದರೆ ಅವರು ನಿಂತೇ ಹೇಳುತ್ತಾರೆ. ಅವತ್ತು ಕುರ್ಚಿ ತೋರಿಸಿದರು.

“ಬರೋ ತಿಂಗಳು ಸಾಫ್ಟ್‌ವೇರ್ ಬದಲಾಗುತ್ತಮ್ಮ. ಒಂಬತ್ತನೇ ಆವೃತ್ತಿ.”

“ಬರ್ಲಿ ಸಾರ್. ನನ್ನತ್ರ ಸರ್ಟಿಫಿಕೇಟ್ ಇದೆಯಲ್ಲ.”

“ಅದು ಆರನೇದಂತೆ. ಆ ಕುರ್ಚಿಲಿ ಕೂರೋರ ಹತ್ರ ಒಂಬತ್ತನೇದೇ ಇರಬೇಕು, ಇಲ್ಲಾಂದ್ರೆ ತಾವೇ ಒಬ್ಬರನ್ನ ಕಳಿಸ್ತೀವಿ ಅಂತಾರೆ ಸಾಫ್ಟ್‌ವೇರಿನವರು. ನಿಮ್ಮನ್ನೇನೂ ಮನೆಗೆ ಕಳಿಸಲ್ಲ. ಪ್ಯಾಕಿಂಗಲ್ಲಿ ಚೀಟಿ ಅಂಟಿಸೋಕೆ ಜನ ಬೇಕೇ ಬೇಕು.”

ಕಳಿಸಲ್ಲ ಎಂಬ ಮಾತಿಗಿಂತ ಚೀಟಿ ಎಂಬ ಮಾತೇ ಅವಳಿಗೆ ಹೆಚ್ಚು ಕೇಳಿಸಿತು. ಕೋಣೆಗೆ ಬಂದು ಬಾಗಿಲು ಮುಚ್ಚಿ, ಪರೀಕ್ಷೆ ನಡೆಸುವ ಕಚೇರಿಗೆ ಫೋನ್ ಹಚ್ಚಿದಳು.

“ಆಜೀವ ಅಂತ ನೀವೇ ಬರೆದಿದೀರಲ್ಲ?”

“ಹೌದು ಮೇಡಂ, ಆಜೀವಾನೇ,” ಎಂದಿತು ಆ ಕಡೆಯ ಹೆಣ್ಣು ದನಿ.

“ನಾನಿನ್ನೂ ಬದುಕಿದೀನಿ.”

“ನಿಮ್ಮ ಜೀವ ಅಲ್ಲ ಮೇಡಂ. ಆ ಆವೃತ್ತಿದು. ಅದಕ್ಕೆ ಹೋದ ವರ್ಷವೇ ಬೆಂಬಲ ನಿಲ್ಲಿಸಿದ್ದೀವಿ.”

ಅಂದರೆ ಒಂದು ವರ್ಷದಿಂದ ಅವಳು ಸತ್ತ ಆವೃತ್ತಿಯ ಹೆಸರಿನಲ್ಲಿ ಕೂತಿದ್ದಳು. ಸುದ್ದಿ ಊಟದ ಹೊತ್ತಿಗೆ ಗೋದಾಮಿಗೆ ಮುಟ್ಟಿತು. ಅವಧಿ ಹತ್ತಿರವಾದ ಮಾಲಿಗೆ ಕೆಂಪು ಚೀಟಿ ಹಚ್ಚಿ ಮುಂದಿನ ಸಾಲಿಗೆ ತರುವುದು ಅಲ್ಲಿಯ ಕ್ರಮ. ಮೊದಲು ಮುಗಿಯುವುದು ಮೊದಲು ಹೊರಗೆ. ಅವಳು ಕೈ ತೊಳೆದು ಬರುವಷ್ಟರಲ್ಲಿ ಪ್ರಮಾಣಪತ್ರದ ಗಾಜಿನ ಮೇಲೆ ಒಂದು ಕೆಂಪು ಚೀಟಿ ಕೂತಿತ್ತು.

“ಅಕ್ಕ, ಬೇಜಾರಾಗ್ಬೇಡಿ, ಅವಧಿ ಮುಗಿದಿದ್ದನ್ನ ಕಂಪನಿಯವರು ವಾಪಸ್ ತಗೋತಾರೆ,” ಎಂದ ಉಗ್ರಾಣಿ.

“ನಿನ್ನನ್ನ ಯಾವ ಕಂಪನಿನೂ ತಗೊಳ್ಳಲ್ಲ ಬಿಡಪ್ಪ, ನಿನ್ನ ಮೇಲೆ ತಯಾರಾದ ದಿನಾಂಕವೇ ಅಳಿಸಿ ಹೋಗಿದೆ,” ಎಂದಳು. ಎಲ್ಲರೂ ನಕ್ಕರು. ಚೀಟಿ ಕೀಳುವಾಗ ಮಾತ್ರ ಅವಳ ಉಗುರು ಎರಡು ಸಲ ಜಾರಿತು.

ಒಂಬತ್ತನೇ ಆವೃತ್ತಿಯ ಪರೀಕ್ಷೆಗೆ ಹದಿನೇಳು ದಿನ ಇತ್ತು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಒರಗಿಸಿ ಓದತೊಡಗಿದಳು. ಹಾಲು ಎರಡು ಸಲ ಉಕ್ಕಿತು. ಓದಿದ್ದು ನೆನಪಿರುತ್ತಿರಲಿಲ್ಲ, ಬಿಟ್ಟದ್ದು ಮಾತ್ರ ದಿನವಿಡೀ ಕಾಡುತ್ತಿತ್ತು. ಗಂಡ ಬಸ್ ಚಾಲಕ. ಒಂದು ದಿನ ತನ್ನ ಲೈಸೆನ್ಸ್ ತೆಗೆದು ಅವಳ ಪುಸ್ತಕದ ಮೇಲಿಟ್ಟ.

“ನೋಡು, ಅವಧಿ ಮುಗಿದಾಗೆಲ್ಲ ಹೋಗಿ ಕಣ್ಣು ತೋರಿಸಿ ಬರ್ತೀನಿ. ನಂಗೇನು ಬಸ್ ಓಡಿಸೋಕೆ ಬರಲ್ವಾ?”

“ನಿಮ್ಮ ಬಸ್ಸಲ್ಲಿ ಬ್ರೇಕು ಇದ್ದ ಜಾಗದಲ್ಲೇ ಇರುತ್ತೆ ರೀ. ನನ್ನದರಲ್ಲಿ ಪ್ರತಿ ಸಲ ಎಲ್ಲಿಟ್ಟಿದಾರೆ ಅಂತ ಹುಡುಕಬೇಕು.”

ಅವನು ಲೈಸೆನ್ಸ್ ಜೇಬಿಗಿಟ್ಟು, ಉಕ್ಕಿದ ಹಾಲು ಒರೆಸಿದ.

ಪರೀಕ್ಷೆಯ ಕೋಣೆಯಲ್ಲಿ ಹನ್ನೆರಡು ಪರದೆ, ಹನ್ನೊಂದು ಮಂದಿ ಅವಳಿಗಿಂತ ಚಿಕ್ಕವರು. ಪಕ್ಕದವಳಂತೂ ಪ್ರಶ್ನೆ ಓದುವ ಮೊದಲೇ ಉತ್ತರ ಒತ್ತುವಂತೆ ಕಾಣುತ್ತಿದ್ದಳು. ಸರ್ವರಮ್ಮ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದುತ್ತಿದ್ದಳು. ನಲವತ್ತೆರಡನೇ ಪ್ರಶ್ನೆ: ‘ದಿನದ ಮುಕ್ತಾಯವನ್ನು ಯಾವಾಗ ನಡೆಸಬೇಕು?’

ಅದು ಅವಳ ಪ್ರಶ್ನೆ. ದಿನವೂ ಸಂಜೆ ಆರಕ್ಕೆ ಅವಳು ಬಾಗಿಲಲ್ಲಿ ನಿಂತು “ಎಲ್ಲರೂ ಹೊರಗೆ ಬನ್ನಿ” ಎನ್ನಬೇಕು, ಮಳಿಗೆಯವರೆಲ್ಲ ತಮ್ಮ ತಮ್ಮ ಪರದೆಯಿಂದ ಹೊರಬರಬೇಕು, ಅವಳು ದಿನದ ಲೆಕ್ಕ ಮುಚ್ಚುವ ಒಂದು ಗುಂಡಿ ಒತ್ತಬೇಕು. ಆ ಹತ್ತು ನಿಮಿಷ ಯಜಮಾನರೂ ಕಾಯುತ್ತಿದ್ದರು. ಅವರೆಲ್ಲ ಕಾಯುವುದು ತನಗಾಗಿ ಎಂದೇ ಅವಳು ತಿಳಿದಿದ್ದಳು.

ಪರದೆಯ ಮೇಲೆ ನಾಲ್ಕು ಉತ್ತರಗಳಿದ್ದವು. ಮೊದಲನೆಯದು, ‘ಎಲ್ಲ ಬಳಕೆದಾರರು ಹೊರಬಂದ ಮೇಲೆ’. ಕೊನೆಯದು, ‘ನಡೆಸುವ ಅಗತ್ಯವಿಲ್ಲ’. ಒಂಬತ್ತನೇ ಆವೃತ್ತಿಯಲ್ಲಿ ದಿನ ತಾನಾಗಿಯೇ ಮುಗಿಯುತ್ತದೆ ಎಂದು ಪುಸ್ತಕದಲ್ಲಿ ಅವಳೇ ಅಡಿಗೆರೆ ಎಳೆದಿದ್ದಳು. ಗೊತ್ತಿದ್ದೂ ಬೆರಳು ಮೊದಲನೆಯದರ ಮೇಲೆ ಹೋಗಿ ಕೂತಿತು. ಕೊನೆಯದನ್ನು ಒತ್ತಿದರೆ ತನ್ನ ಹನ್ನೊಂದು ವರ್ಷದ ಸಂಜೆಗಳು ಬೇಕಿಲ್ಲ ಎಂದು ತಾನೇ ರುಜು ಹಾಕಿಕೊಟ್ಟಂತೆ. ಒತ್ತದಿದ್ದರೆ ಚೀಟಿ ಅಂಟಿಸಲು ತಾನೇ ಹೊರಟಂತೆ. ಮೂಲೆಯ ಗಡಿಯಾರ ಎರಡು ನಿಮಿಷ ತಿಂದಿತು. ಕಡೆಗೆ, ಕಹಿ ಮಾತ್ರೆ ನುಂಗುವವರ ಹಾಗೆ ಮುಖ ಆ ಕಡೆ ತಿರುಗಿಸಿ ಕೊನೆಯದನ್ನು ಒತ್ತಿದಳು.

ಬೇಕಿದ್ದದ್ದು ಎಪ್ಪತ್ತು ಅಂಕ, ಬಂದದ್ದು ಎಪ್ಪತ್ತೊಂದು. ಕೈಗೆ ಕೊಟ್ಟ ಹೊಸ ಕಾಗದದಲ್ಲಿ ಆಜೀವದ ಸುದ್ದಿಯೇ ಇರಲಿಲ್ಲ. ಎರಡು ವರ್ಷ ಮಾತ್ರ, ದಿನಾಂಕ ಸಮೇತ. ಮೆಟ್ಟಿಲಲ್ಲಿ ನಿಂತು ಮೂರು ಸಲ ಓದಿದಳು. ಖುಷಿ ಬರುತ್ತದೆಂದು ಕಾದಳು. ಬಂದದ್ದು ತಿಂಗಳುಗಳ ಲೆಕ್ಕ.

ಮರುದಿನ ಕಾಗದವನ್ನು ಯಜಮಾನರ ಮೇಜಿನ ಮೇಲಿಟ್ಟು, ಅವರು ತೋರಿಸುವ ಮೊದಲೇ ಕುರ್ಚಿ ಎಳೆದು ಕೂತಳು.

“ಭೇಷ್. ಇನ್ನೇನು ಚಿಂತೆ ಬಿಡಿ,” ಎಂದರು.

“ಚಿಂತೆ ಇದೆ ಸಾರ್. ಇದಕ್ಕೆ ಎರಡೇ ವರ್ಷ. ಹತ್ತನೇದು ಬಂದು ಬಾಗಿಲು ತಟ್ಟಿದ ಮೇಲೆ ಹಾಲು ಉಕ್ಕಿಸ್ಕೊಂಡು ಓದೋಕೆ ನನ್ನಿಂದಾಗಲ್ಲ. ಈಗಿನಿಂದಲೇ ವಾರಕ್ಕೆ ಎರಡು ಗಂಟೆ ಕೊಡಿ, ಕೆಲಸದ ಹೊತ್ತಲ್ಲೇ. ಹೊಸದೇನು ಬರ್ತಿದೆ ಅಂತ ನೋಡ್ತಿರ್ತೀನಿ.”

“ಕೆಲಸದ ಹೊತ್ತಲ್ಲಿ ಓದೋದಾ?”

“ಹೊರಗಿಂದ ಬರೋರಿಗೆ ಯಾವ ಮಾಲು ಯಾವ ಸಾಲಲ್ಲಿದೆ ಅಂತ ಕಲಿಸೋಕೆ ಎಷ್ಟು ವಾರ ಹಿಡಿಯುತ್ತೆ ಅಂತ ನೀವೇ ಯೋಚ್ನೆ ಮಾಡಿ.”

ಯಜಮಾನರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು, ಹಿಂಬದಿಯಲ್ಲಿ ರಿಯಾಯಿತಿ ಏನಾದರೂ ಬರೆದಿದೆಯೇ ಎಂಬಂತೆ.

“ಒಂದು ಗಂಟೆ.”

“ಒಂದೂವರೆ. ಶನಿವಾರ ಬೆಳಿಗ್ಗೆ. ಫೋನ್ ಬಂದ್ರೂ ಕರೀಬಾರದು.”

“ಆಯ್ತಮ್ಮ,” ಎಂದರು.

ಶನಿವಾರ ಒಂಬತ್ತೂವರೆಗೆ ಅವಳು ಕೋಣೆಯ ಬಾಗಿಲು ಮುಚ್ಚಿ, ಸಾಫ್ಟ್‌ವೇರಿನವರ ಹೊಸ ಟಿಪ್ಪಣಿ ತೆರೆದಳು. ಮೊದಲ ಪುಟದ ಅರ್ಧದಷ್ಟು ತಲೆಗೆ ಹೋಗಲಿಲ್ಲ. ತಲೆಗೆ ಹೋಗದ ಆರು ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು, ಎರಡನೇ ಪುಟ ತಿರುಗಿಸಿದಳು.