ಭಾವನ ಜೀಪಿಗೆ ಯಾವ ಗೇರ್‌ಬಾಕ್ಸ್?

ನಮ್ಮ ಭಾವನದು ಕನ್ನಡಕದ ಅಂಗಡಿ. ಒಳಕೋಣೆಯಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸುತ್ತಾ ಕೇಳುತ್ತಾರೆ: “ಇದರಲ್ಲಿ ಚೆನ್ನಾಗಿ ಕಾಣತ್ತಾ, ಇದರಲ್ಲಾ?” ಗಿರಾಕಿ ತಡವರಿಸಿದರೆ ಗದರುತ್ತಾರೆ. “ಜಾಸ್ತಿ ಯೋಚನೆ ಮಾಡಬೇಡಿ ಸ್ವಾಮಿ, ಮೊದಲು ಏನು ಅನ್ನಿಸ್ತೋ ಅದೇ ಸರಿ.” ಊರಿನ ಅರ್ಧ ಜನ ಈ ಗದರಿಕೆ ಕೇಳಿಸಿಕೊಂಡೇ ಕನ್ನಡಕ ಹಾಕಿಸಿಕೊಂಡು ಸುಖವಾಗಿದ್ದಾರೆ. ಇದೇ ಮಹಾನುಭಾವರು ಒಂದು ಹಳೇ ಜೀಪಿಗೆ ಯಾವ ಗೇರ್‌ಬಾಕ್ಸ್ ಹಾಕುವುದು ಅಂತ ಏಳು ವರ್ಷ ಯೋಚಿಸಿದರು ಅಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಕು. ನಾನು ಅವರ ನಾದಿನಿ, ಎದುರು ಮನೆಯವಳು. ಹೊಲಿಗೆ ಮಷಿನ್ನಿನ ಮುಂದೆ ಕೂತರೆ ಅವರ ಶೆಡ್ಡು ನೇರ ನನ್ನ ಕಣ್ಣಿಗೇ ಬೀಳುತ್ತದೆ.

ಜೀಪು ಬಂದದ್ದು ಅಕ್ಕನಿಗಾಗಿ. ಊರಾಚೆ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲೆ ಗಾಳಿ, ಮಳೆ ಅಳೆಯುವ ಸಣ್ಣ ಕಚೇರಿ, ಅದಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಮನೆ. ಅಪ್ಪ ಅಲ್ಲಿ ಕೆಲಸದಲ್ಲಿದ್ದಾಗ ಅಕ್ಕ ಹುಟ್ಟಿದ್ದು, ಓಡಾಡಲು ಕಲಿತದ್ದು, ಹಲ್ಲು ಬಿದ್ದದ್ದು ಎಲ್ಲ ಆ ಮನೆಯಲ್ಲೇ. ನಾನು ಹುಟ್ಟುವ ಹೊತ್ತಿಗೆ ಅಪ್ಪನಿಗೆ ಕೆಳಗೆ ವರ್ಗವಾಗಿತ್ತು, ಹಾಗಾಗಿ ನನಗೆ ಅದು ಬರೀ ಗುಡ್ಡ. ಅಕ್ಕನಿಗೆ ಹಾಗಲ್ಲ. ಕಚೇರಿ ಮುಚ್ಚಿ ಎಷ್ಟೋ ಕಾಲವಾದರೂ, ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಒಮ್ಮೆ ಆ ಕಡೆ ನೋಡದೆ ಒಳಗೆ ಬಂದವಳಲ್ಲ. ಆಮೇಲೆ ಮಂಡಿ ಕೈಕೊಟ್ಟಿತು. ಹತ್ತಿ ಹೋಗುವ ಆಸೆ ಬಿಟ್ಟಳು. ದಾರಿಯೋ ಬರೀ ಕಲ್ಲು, ಕಾರು ಹತ್ತುವುದಿಲ್ಲ. “ಒಂದು ಸಲ ಆ ಮನೆ ಒಳಗೆ ಹೋಗಿ ಕೂತು ಬರ್ಬೇಕು ಕಣೇ, ಅಷ್ಟೇ,” ಅನ್ನುತ್ತಿದ್ದಳು. ಭಾವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಅನ್ನಲಾರೆ. ಎಲ್ಲೋ ಗಿರಣಿಯ ಶೆಡ್ಡಿನಲ್ಲಿ ನಿಂತಿದ್ದ ಹಳೇ ಜೀಪನ್ನು ಹುಡುಕಿ ಕೊಂಡರು.

ಇಲ್ಲಿ ಒಂದು ಮಾತು ಚೆನ್ನಾಗಿ ಕೇಳಿಸಿಕೊಳ್ಳಿ. ಆ ಜೀಪು ಓಡುತ್ತಿತ್ತು! ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ಆದರೆ ಭಾವ ತಾವೇ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. “ಭಾನುವಾರ ಗುಡ್ಡಕ್ಕೆ,” ಅಂದರು. ಅಕ್ಕ ಸೀರೆ ತೆಗೆದಿಟ್ಟಳು.

ಶನಿವಾರ ಸಂಜೆ ಡ್ರಿಲ್ ಮೇಷ್ಟ್ರು ಬಂದರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಟ್ಟು ನಿವೃತ್ತರಾದವರು, ಭಾವನ ಗೆಳೆಯ. ಸ್ವಂತಕ್ಕೆ ಸೈಕಲ್ಲೂ ಇಲ್ಲ. ಆದರೆ ಗಾಡಿಯ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ. ಜೀಪಿನ ಸುತ್ತ ಮೂರು ಸುತ್ತು ಬಂದು, ಬಗ್ಗಿ, ಕೆಳಗೆ ಇಣುಕಿ, ಎದ್ದು ನಿಂತು, “ಈ ಗೇರ್‌ಬಾಕ್ಸ್ ನಂಬ್ಕೊಂಡು ಮನೆಯವರನ್ನ ಗುಡ್ಡ ಹತ್ತಿಸ್ತೀರಾ?” ಅಂದರು. ಅಷ್ಟೇ. ಭಾನುವಾರ ನಾನು ಬಾಗಿಲು ತೆರೆದಾಗ ಗೇರ್‌ಬಾಕ್ಸ್ ಗೋಣಿಚೀಲದ ಮೇಲೆ ಮಲಗಿತ್ತು, ಅದರ ಪಕ್ಕದಲ್ಲಿ ಭಾವ ಮಲಗಿದ್ದರು. ಸೀರೆ ಮತ್ತೆ ಬೀರು ಸೇರಿತು.

ಅಲ್ಲಿಂದ ಶುರುವಾಯಿತು ನೋಡಿ. ಗಟ್ಟಿಮುಟ್ಟಾದ ಗೇರ್‌ಬಾಕ್ಸ್ ಹಾಕೋಣವೆಂದರೆ ಅದರ ಬಲಕ್ಕೆ ಈ ಇಂಜಿನ್ ಸಾಲದು. ದೊಡ್ಡ ಇಂಜಿನ್ ತಂದರೆ ಹಿಂದಿನ ಎರಡು ಚಕ್ರ ಹೊತ್ತ ಅಚ್ಚು, ಅದೇ ಆಕ್ಸಲ್, ತಡೆಯುವುದಿಲ್ಲ. ದಪ್ಪ ಆಕ್ಸಲ್ ಹಾಕಿದರೆ ಚಕ್ರ ದೊಡ್ಡದಾಗಬೇಕು, ಚಕ್ರ ದೊಡ್ಡದಾದರೆ ಗಾಡಿ ಎತ್ತರವಾಗಬೇಕು, ಗಾಡಿ ಎತ್ತರವಾದರೆ ಮೊದಲು ಆರಿಸಿದ ಗೇರ್‌ಬಾಕ್ಸ್ ಹೊಂದುವುದಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ. ನಾಲ್ಕು ಗೇರೋ ಐದು ಗೇರೋ ಎಂಬ ಒಂದು ಪ್ರಶ್ನೆಗೇ ಎರಡು ಮಳೆಗಾಲ ಕಳೆದವು. ಫೋನಿನಲ್ಲಿ ಹಳೇ ಜೀಪಿನವರ ಬಳಗ ಬೇರೆ. ಬೆಳಿಗ್ಗೆ ಒಬ್ಬ ಒಂದನ್ನು ಹೊಗಳಿದರೆ ಸಂಜೆ ಇನ್ನೊಬ್ಬ ಅದನ್ನೇ ತೆಗಳುತ್ತಾನೆ. ಭಾವ ಇಬ್ಬರಿಗೂ “ಹೌದು ಹೌದು” ಅಂತ ಬರೆದು, ಮರುದಿನ ಇನ್ನೊಂದು ಆಕ್ಸಲ್ ಹೊತ್ತು ತರುವರು. ಮಂಚದ ಕೆಳಗೆ ಪ್ರೊಪೆಲ್ಲರ್ ಶಾಫ್ಟು, ಬಚ್ಚಲಲ್ಲಿ ಸೀಮೆಎಣ್ಣೆಯಲ್ಲಿ ನೆನೆದ ಹಲ್ಲುಚಕ್ರಗಳು. ಒಮ್ಮೆ ಅಕ್ಕ ಪಾತ್ರೆ ಅಂತ ತಿಕ್ಕಿ ಬೆಳಗಿಟ್ಟದ್ದು ಕ್ಲಚ್ಚಿನ ತಟ್ಟೆ.

“ಅದು ಒರಿಜಿನಲ್ ಕಣೇ! ಅದರ ಮೇಲಿನ ಗುರುತೆಲ್ಲ ಅಳಿಸಿಬಿಟ್ಯಲ್ಲ!” ಅಂತ ಭಾವ ಬಾಯಿ ಬಡಿದುಕೊಂಡರು.

“ಒರಿಜಿನಲ್ ಗೇರ್‌ಬಾಕ್ಸ್ ಎಲ್ಲಿ ಹೋಯ್ತು? ಅದನ್ನೇ ಹಾಕಿ, ಹೋಗ್ಬರೋಣ.”

“ನಿನಗೆ ಅರ್ಥ ಆಗಲ್ಲ. ಮಾಡಿದ್ಮೇಲೆ ಸರಿಯಾಗಿ ಮಾಡ್ಬೇಕು.”

ಬಾಡಿಗೆ ಜೀಪು ತರಿಸಿ ಅಂತ ನಾನೇ ಒಮ್ಮೆ ಹೇಳಿದೆ. ಭಾವನ ಮುಖ ಕಪ್ಪಿಟ್ಟಿತು. “ಮನೇಲಿ ಜೀಪ್ ಇಟ್ಕೊಂಡು ಬಾಡಿಗೆ ಗಾಡೀಲಿ ಹೋಗೋದಾ? ಜನ ಏನಂತಾರೆ?” ಜನ ಏನೂ ಅನ್ನುತ್ತಿರಲಿಲ್ಲ. ಜನಕ್ಕೆ ಅವರ ಮನೆಯಲ್ಲಿರುವುದು ಗುಜರಿಯಲ್ಲ, ಜೀಪು ಎಂಬುದೇ ಮರೆತುಹೋಗಿತ್ತು. ನನಗೆ ಸಿಟ್ಟು ಬರುತ್ತಿದ್ದದ್ದು ಭಾವನ ಮೇಲಲ್ಲ, ಅಕ್ಕನ ಮೇಲೆ. ಪ್ರತಿ ಸಲ “ಮುಂದಿನ ಭಾನುವಾರ” ಅಂದಾಗಲೂ ನಂಬುತ್ತಿದ್ದಳಲ್ಲ, ಹುಚ್ಚಿ!

ಹೋದ ವರ್ಷ ಬೇಸಿಗೆಯಲ್ಲಿ ಸುದ್ದಿ ಬಂತು. ಗುಡ್ಡದ ಮೇಲಿನ ಕಟ್ಟಡ ಬೀಳುವಂತಾಗಿದೆ, ತಿಂಗಳ ಕೊನೆಗೆ ಕೆಡವುತ್ತಾರೆ ಅಂತ. ಅಕ್ಕ ಅವತ್ತು ಅಳಲಿಲ್ಲ, ಕೂಗಾಡಲಿಲ್ಲ. ಅಂಗಡಿಗೇ ಹೋಗಿ, ಗಿರಾಕಿಗಳ ಎತ್ತರದ ಕುರ್ಚಿಯ ಮೇಲೆ ಕೂತು, ಗಂಡನಿಗೆ ಹೇಳಿದಳಂತೆ: “ರೀ, ಈ ಭಾನುವಾರ ನಾನು ಹೋಗೋದೇ. ಜೀಪಿನ ಮೇಲೋ, ನಿಮ್ಮ ಬೆನ್ನ ಮೇಲೋ, ನೀವೇ ಆರಿಸ್ಕೊಳ್ಳಿ. ಜಾಸ್ತಿ ಯೋಚನೆ ಮಾಡ್ಬೇಡಿ.”

ಭಾವ ಅಂಗಡಿಗೆ ಬೀಗ ಹಾಕಿದರು. ಆ ವಾರವಿಡೀ ಶೆಡ್ಡಿನಲ್ಲಿ ಸುತ್ತಿಗೆ ಸದ್ದು. ಇಂಜಿನ್ ಕೂತಿತು, ಗೇರ್‌ಬಾಕ್ಸ್ ಕೂತಿತು. ಉಳಿದದ್ದು ಹಿಂದಿನ ದಪ್ಪ ಆಕ್ಸಲ್. ಗಾಡಿ ಎತ್ತರವಾಗಬೇಕಾದರೆ ಸ್ಪ್ರಿಂಗ್ ಪಟ್ಟಿ ಆಕ್ಸಲಿನ ಮೇಲೆ ಕೂರಬೇಕು. ಆದರೆ ಪಟ್ಟಿ ಕೂರುವ ಪೀಠ ಇದ್ದದ್ದು ಆಕ್ಸಲಿನ ಅಡಿಯಲ್ಲಿ. ಅದನ್ನು ಕತ್ತರಿಸಿ ಮೇಲೆ ಬೆಸುಗೆ ಹಾಕಿಸಬೇಕಿತ್ತು. ಒರಿಜಿನಲ್ ಕಬ್ಬಿಣಕ್ಕೆ ಕತ್ತರಿ ಹಾಕುವುದೇ? ಭಾವನ ಕೈ ಬರಲಿಲ್ಲ. “ಕತ್ತರಿಸೋದ್ಯಾಕೆ? ಇಡೀ ಆಕ್ಸಲನ್ನೇ ಮಗುಚಿ ಹಾಕಿದ್ರೆ ಪೀಠ ತಾನಾಗೇ ಮೇಲೆ ಬರತ್ತಲ್ಲ!” ಅಂದರು. “ಭಲೇ!” ಅಂದರು ಮೇಷ್ಟ್ರು. ಇಬ್ಬರೂ ಸೇರಿ ಮಗುಚಿದರು. ಮುಂದಿನ ಚಕ್ರಗಳಿಗೆ ಬಲ ಕೊಡುವ ಶಾಫ್ಟು ಯಾವುದಿರಬೇಕು ಅಂತ ಇನ್ನೂ ತೀರ್ಮಾನವಾಗಿರಲಿಲ್ಲ, ಅದನ್ನು ಹಾಗೇ ಬಿಟ್ಟರು. ಗಾಡಿ ಹಿಂದೆ ಎತ್ತರ, ಮುಂದೆ ತಗ್ಗು, ಬಿದ್ದ ಸೂಜಿ ಹುಡುಕುತ್ತಿರುವವರಂತೆ ನಿಂತಿತ್ತು.

ಭಾನುವಾರ ಅಕ್ಕ ಅದೇ ಸೀರೆ ಉಟ್ಟು ಬಂದಳು. ಭಾವ ಗತ್ತಿನಿಂದ ಇಂಜಿನ್ ಚಾಲೂ ಮಾಡಿದರು. ಬೀದಿಯೇ ಗುಡುಗಿತು. ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟರು. ಜೀಪು ಜಗ್ಗನೆ ಹಿಂದಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಗುದ್ದಿತು.

“ಗೇರ್ ತಪ್ಪಿತು,” ಅಂದರು. ಎರಡನೆಯದು ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ. ಡ್ರಮ್ಮು ಚಪ್ಪಟೆಯಾಯಿತು, ಗೋಡೆಯ ಗಾರೆ ಉದುರಿತು. ಮೂರನೆಯದನ್ನು ಹಾಕದಂತೆ ನಾನೇ ಹೋಗಿ ಅಡ್ಡ ನಿಂತೆ. ಆಕ್ಸಲ್ ಮಗುಚಿದರೆ ಅದರೊಳಗಿನ ಹಲ್ಲುಚಕ್ರವೂ ಮಗುಚಿಕೊಂಡು, ಗಾಡಿಯ ಚಕ್ರ ಉಲ್ಟಾ ತಿರುಗುತ್ತದೆ ಅಂತ ಇಬ್ಬರು ಪಂಡಿತರಿಗೂ ಹೊಳೆದದ್ದು ಆಗ. ಐದು ಗೇರ್ ಬೇಕೇ ಬೇಕು ಅಂತ ಹಟ ಹಿಡಿದು ಹಾಕಿಸಿದ ಗೇರ್‌ಬಾಕ್ಸು. ಐದಕ್ಕೆ ಐದೂ ಹಿಂದಕ್ಕೆ! ಮೇಷ್ಟ್ರಿಗೆ ಆ ಕ್ಷಣದಲ್ಲಿ ಮನೆಯ ಕೆಲಸ ನೆನಪಾಯಿತು. ಭಾವ ಚಕ್ರದ ಪಕ್ಕ ಕುಸಿದು ಕೂತರು. “ಎಲ್ಲಾ ಬಿಚ್ಬೇಕು. ಮುಂದಿನ...” ಅಂದವರು ಅಕ್ಕನ ಮುಖ ನೋಡಿ ಮಾತು ನುಂಗಿಕೊಂಡರು.

ಅಕ್ಕ ಕೇಳಿದಳು, “ಹಿಂದಿನ ಗೇರ್ ಅಂತ ಒಂದಿರತ್ತಲ್ಲ, ಅದು ಎಲ್ಲಿಗೆ ಹೋಗತ್ತೆ?”

ಭಾವ ಎದ್ದು ಮತ್ತೆ ಸ್ಟೀರಿಂಗ್ ಮುಂದೆ ಕೂತರು.

“ಹಾಕಿ ನೋಡಿ.”

ಭಾವ ಹಾಕಿದರು. ಜೀಪು ಕೊಯ್ಯೋ ಅಂತ ಕಿರುಚಿಕೊಂಡು, ಗೇಟಿನ ಕಡೆ ಮುಖ ಮಾಡಿ, ಮುಂದಕ್ಕೆ ಹೊರಟಿತು. ಅಕ್ಕ ನನ್ನ ಭುಜ ಹಿಡಿದು ಹತ್ತಿ ಕೂತಳು. ನಾನೂ ಹತ್ತಿದೆ. ಇಂಥದ್ದನ್ನು ಬಿಟ್ಟುಕೊಡಲಿಕ್ಕೆ ನನಗೇನು ತಲೆ ಕೆಟ್ಟಿದೆಯೇ?

ಹೀಗೆ ನಮ್ಮ ಭಾವನ ಏಳು ವರ್ಷದ ತಪಸ್ಸು ಹಿಂದಿನ ಗೇರಿನಲ್ಲಿ ಮುಂದಕ್ಕೆ ಸಾಗಿತು. ಬೀದಿಯ ಮಕ್ಕಳು ನಡೆದೇ ನಮ್ಮನ್ನು ದಾಟಿ, ತಿರುಗಿ ನಿಂತು ಟಾಟಾ ಮಾಡಿದವು. ಗುಡ್ಡ ಮಾತ್ರ ಹತ್ತಿತು ನೋಡಿ, ಒಂದು ಕಡೆಯೂ ನಿಲ್ಲಲಿಲ್ಲ. ದಾರಿಯಲ್ಲಿ ಟ್ರ್ಯಾಕ್ಟರಿನ ಚಕ್ರದ ಗುರುತು ಹೊಸದಾಗಿ ಬಿದ್ದಿತ್ತು. “ಪರವಾಗಿಲ್ಲ, ದಾರಿ ಚೆನ್ನಾಗಿ ಮಾಡಿದ್ದಾರೆ,” ಅಂತ ಭಾವ ಹಿಗ್ಗಿದರು. ಅಕ್ಕ ಆ ಗುರುತನ್ನೇ ನೋಡುತ್ತಾ ಕೂತಿದ್ದಳು.

ಮೇಲೆ ಮನೆ ಇರಲಿಲ್ಲ.

ಸರ್ಕಾರಿ ಕೆಲಸ ಹೇಳಿದ ದಿನಕ್ಕೆ ಆಗುವುದಿಲ್ಲ ಅಂತ ನಾವೆಲ್ಲ ನಂಬಿದ್ದೆವು. ಆಗಲಿಲ್ಲ, ಮೊದಲೇ ಆಗಿಬಿಟ್ಟಿತ್ತು. ಗೋಡೆ, ಹೆಂಚು, ಕಿಟಕಿ ಎಲ್ಲ ಹೊತ್ತೊಯ್ದಿದ್ದರು. ಉಳಿದದ್ದು ಬರೀ ನೆಲ, ಬಾಗಿಲ ಮುಂದಿನ ಒಂದು ಮೆಟ್ಟಿಲು ಕಲ್ಲು. ಅಕ್ಕ ಕಾಲೆಳೆಯುತ್ತಾ ಆ ನೆಲದ ಮೇಲೆ ಓಡಾಡಿದಳು. “ಇಲ್ಲಿ ಒಲೆ. ಇಲ್ಲಿ ಅಪ್ಪ ಕೂರ್ತಿದ್ರು. ಇಲ್ಲಿ ನಾನು ಬಿದ್ದು ಹಲ್ಲು ಮುರ್ಕೊಂಡಿದ್ದು.” ಆಮೇಲೆ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಭಾವ ಅಲ್ಲೇ ನಿಂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

“ಮೊದಲ್ನೇ ಭಾನುವಾರ ಬಂದಿದ್ರೆ...” ಅಂತ ಶುರುಮಾಡಿದರು.

“ಬೇಡ ರೀ, ಹೇಳ್ಬೇಡಿ,” ಅಂದಳು ಅಕ್ಕ. ಕಣ್ಣೊರೆಸಿಕೊಂಡು ಎದ್ದು, ಕೂತಿದ್ದ ಕಲ್ಲಿನ ಮೇಲೆ ಅಂಗೈ ಬಡಿದಳು. “ಒರಿಜಿನಲ್ ಒರಿಜಿನಲ್ ಅಂತಿರ್ತೀರಲ್ಲ, ಇದು ನೋಡಿ ಒರಿಜಿನಲ್. ಎತ್ತಿ ಗಾಡಿಗೆ ಹಾಕಿ. ಅಷ್ಟೊಂದು ಬಲ ತುಂಬಿದ್ದೀರಲ್ಲ, ಹೊರಲಿ.”

ನಾನೂ ಭಾವನೂ ಉಸಿರು ಬಿಗಿಹಿಡಿದು ಎತ್ತಿ ಹಾಕಿದೆವು. ಕಲ್ಲು ಹೊತ್ತು ಜೀಪು ಇಳಿಯಿತು.

ಆ ಕಲ್ಲನ್ನು ಅಕ್ಕ ಮನೆ ಬಾಗಿಲಿಗೆ ಹಾಕಿಸಿಕೊಳ್ಳಲಿಲ್ಲ, ಶೆಡ್ಡಿನ ಬಾಗಿಲಿಗೆ ಹಾಕಿಸಿದಳು. ಆಕ್ಸಲನ್ನು ಸರಿಮಾಡಲು ಭಾವ ದಿನಾ ಪಾನಾ ಹಿಡಿದು ಒಳಗೆ ಹೋಗುತ್ತಾರೆ. ಸರಿಯಾಗಿದೆಯೋ ಅಂದರೆ, ಇನ್ನೂ ಇಲ್ಲ. ಮೊನ್ನೆ ಯಾರೋ ಹುಡುಗರು ಹಳೇ ಜೀಪು ಕೊಂಡು, ಯಾವ ಗೇರ್‌ಬಾಕ್ಸ್ ಹಾಕಿಸೋಣ ಅಂತ ಕೇಳಿಕೊಂಡು ಬಂದಿದ್ದರು. ಇನ್ನು ಸಂಜೆಯವರೆಗೆ ಮುಗಿಯುವುದಿಲ್ಲ ಅಂತ ನಾನು ಮಷಿನ್ ನಿಲ್ಲಿಸಿ ಕಿವಿಗೊಟ್ಟೆ.

“ಈಗ ಓಡತ್ತಾ?” ಅಂದರು ಭಾವ.

“ಓಡತ್ತೆ ಅಂಕಲ್. ಆದ್ರೆ ಏರಲ್ಲಿ...”

“ಓಡತ್ತಲ್ಲ? ಮನೇಲಿ ಯಾರಾದ್ರೂ ಎಲ್ಲಿಗಾದ್ರೂ ಕರ್ಕೊಂಡು ಹೋಗು ಅಂತಿದ್ದಾರಾ ಕೇಳು. ಮೊದ್ಲು ಹೋಗ್ಬಾ. ಆಮೇಲೆ ಬಿಚ್ಚುವೆಯಂತೆ.”

ಹುಡುಗರು ಮುಖ ಮುಖ ನೋಡಿಕೊಂಡು ಹೋದರು. ಭಾವ ಪಾನಾ ಎತ್ತಿಕೊಂಡು ಶೆಡ್ಡಿಗೆ ನಡೆದರು. ಆ ಕಲ್ಲಿನ ಮೇಲೆ ಅವರು ಇವತ್ತಿಗೂ ಕಾಲಿಡುವುದಿಲ್ಲ, ದಾಟಿಕೊಂಡೇ ಒಳಗೆ ಹೋಗುತ್ತಾರೆ.