ಹಪ್ಪಳ ಕಾದ ಸ್ಪೀಕರ್

ಮಂಕಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಬೇಸಿಗೆಯಲ್ಲಿ ಒಂದೇ ಶತ್ರು, ಕಾಗೆ. ವರ್ಷವಿಡೀ ಸಾಲಬೇಕಾದ ಹಲಸಿನ ಹಪ್ಪಳವೆಲ್ಲ ತಾರಸಿಯ ಚಾಪೆಯ ಮೇಲೆ ಒಣಗುತ್ತಿರುತ್ತದೆ. ಕಪ್ಪು ಬಟ್ಟೆಯನ್ನು ಸತ್ತ ಕಾಗೆಯಂತೆ ಸುತ್ತಿ ಪಕ್ಕದಲ್ಲಿಡುವುದು ಅವಳ ರೂಢಿ. ಈಚೆಗೆ ಕಾಗೆಗಳು ಅದರ ಮೇಲೆಯೇ ಕೂರತೊಡಗಿದ್ದವು. ಹಾಗಾಗಿ ಹೋದ ಬೇಸಿಗೆಯಲ್ಲಿ ಅವಳು ತನ್ನ ‘ಹುಶ್, ಹುಶ್’ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಭಟ್ಕಳದ ಗೆಳತಿ ದುಬೈಯಿಂದ ತರಿಸಿಕೊಟ್ಟಿದ್ದ ಸಣ್ಣ ಸ್ಪೀಕರಿಗೆ ಹಾಕಿದಳು. ಆ ಸ್ಪೀಕರನ್ನೇ ಕಪ್ಪು ಬಟ್ಟೆಯೊಳಗೆ ಬಿಗಿಯಾಗಿ ಕಟ್ಟಿ, ಚಾರ್ಜು ಮುಗಿಯದಿರಲೆಂದು ಕೆಳಗಿನ ಕೋಣೆಯಿಂದ ವಯರು ಎಳೆದು ಸಿಕ್ಕಿಸಿಟ್ಟಳು.

ಅಂದು ನಾನು ಕುಮಟೆಯಿಂದ ಬಂದಿದ್ದೆ. ಊಟ ಮುಗಿಸಿ ತಾರಸಿಗೆ ಹೋದರೆ ಸತ್ತ ಕಾಗೆ ಗೊಗ್ಗರು ದನಿಯಲ್ಲಿ ಹುಶ್ ಅನ್ನುತ್ತಿತ್ತು. ಏನೋ ಸಿಹಿಯಾದ ವಾಸನೆ. ಅಥವಾ ಬ್ಯಾಟರಿ ಸೋರಿದರೆ ಹಾಗೆ ವಾಸನೆ ಬರುತ್ತದೆಂದು ಆಮೇಲೆ ಎಲ್ಲೋ ಓದಿ, ಅದನ್ನು ನೆನಪಿಗೆ ಸೇರಿಸಿಕೊಂಡೆನೋ. ಹೊಗೆಯಂತೂ ನಿಜ, ಅದನ್ನು ಮೂವರೂ ನೋಡಿದ್ದೇವೆ. ಕೆಳಗಿನ ಸ್ವಿಚ್ ಆರಿಸಲು ಕೂಗಿದೆ. ಆರಿಸಿದ ಚಿಕ್ಕಪ್ಪ ನೀರಿನ ಬಕೆಟ್ಟು ಹಿಡಿದೇ ಮೇಲೆ ಬಂದರು, ಹಿಂದೆಯೇ ಚಿಕ್ಕಮ್ಮ.

“ಎಂತ ಆತು?”

“ಬ್ಯಾಟರಿ ಕಾದು ಹೋಗಿದೆ ಚಿಕ್ಕಪ್ಪ. ಮುಟ್ಬೇಡಿ.”

ಚಿಕ್ಕಪ್ಪ ಬಕೆಟ್ಟು ಎತ್ತಿದರು. ಚಿಕ್ಕಮ್ಮ ಅಡ್ಡ ನಿಂತಳು. “ನೀರು ಹೊಯ್ದ್ರೆ ನನ್ನ ಹಪ್ಪಳ ಗಂಜಿ ಆಗ್ತದೆ.”

“ಹೊಯ್ಯದಿದ್ರೆ ಬೂದಿ ಆಗ್ತದೆ ಮಾರಾಯ್ತಿ.”

ಇಬ್ಬರದ್ದೂ ಸರಿಯೇ. ಗೋಡೆಗೆ ಒರಗಿಸಿದ್ದ, ಮಾವಿನಕಾಯಿ ಕೊಯ್ಯುವ ದೋಟಿ ಕಣ್ಣಿಗೆ ಬಿತ್ತು. ಅದರ ಕೊಕ್ಕೆಗೆ ಗಂಟನ್ನು ಸಿಕ್ಕಿಸಿ, ದೂರ ನಿಂತೇ ಎಳೆದು ಕೆಳಗಿನ ಬರಿಯ ಮರಳಿನ ಅಂಗಳಕ್ಕೆ ಕೆಡವಿದೆ. ಬಿದ್ದದ್ದೇ ಬುಸ್ಸೆಂದು ಬೆಂಕಿ ಎದ್ದಿತು. ಚಿಕ್ಕಪ್ಪ ಓಡಿ ಇಳಿದು ದೂರದಿಂದಲೇ ಪೈಪಿನಲ್ಲಿ ನೀರು ಬಿಟ್ಟರು. ಆರಿತು ಅಂದುಕೊಂಡರೆ ಮತ್ತೆ ಹೊತ್ತಿತು. ಪೂರ್ತಿ ತಣ್ಣಗಾಗುವವರೆಗೂ ಅವರು ಪೈಪು ಬಿಡಲಿಲ್ಲ.

ಚಾಪೆ ಉಳಿಯಿತು, ಒಂದು ಅಂಚು ಮಾತ್ರ ಕಂದಿತ್ತು. ಆ ಹೊಗೆ ವಿಷ, ಹತ್ತಿರವಿದ್ದ ಹಪ್ಪಳ ತಿನ್ನುವ ಹಾಗಿಲ್ಲ ಅಂದೆ.

“ಎಷ್ಟು ಹತ್ತಿರದ್ದು?”

“ಒಂದು ಮಾರಿನಷ್ಟು ತೆಗೆದುಬಿಡು.”

ಚಿಕ್ಕಮ್ಮ ತಕ್ಷಣ ತನ್ನ ಗಿಡ್ಡ ಕೈಗಳನ್ನು ಚಾಚಿ ಅಳೆದಳು. ನಾನು ನನ್ನವನ್ನು ಚಾಚಿದೆ. ನಡುವಿನ ಹಪ್ಪಳಗಳನ್ನು ಅವಳು ಆಸೆಯಿಂದ ನೋಡಿದಳು.

“ಅವನ ಮಾರೇ ಇರ್ಲಿ,” ಚಿಕ್ಕಪ್ಪ ಕೆಳಗಿನಿಂದ ತೀರ್ಪು ಕೊಟ್ಟರು. “ಮೈಯೆಲ್ಲ ಒದ್ದೆ ಆಗಿದೆ, ನಿಮ್ಮಿಬ್ಬರ ನಡುವೆ ಇನ್ನೊಂದು ಬೆಂಕಿ ಎದ್ರೆ ಆರಿಸೋಕೆ ನನ್ನಿಂದಾಗದು.”

ಚಿಕ್ಕಮ್ಮ ನನ್ನ ಮಾರಿನೊಳಗಿನ ಹಪ್ಪಳವನ್ನೆಲ್ಲ ಹೊಂಡಕ್ಕೆ ಹಾಕಿ ಮಣ್ಣು ಎಳೆದಳು. ಕೈ ತೊಳೆಯುತ್ತ ನನ್ನತ್ತ ತಿರುಗಿದಳು.

“ನಿನ್ನ ಪಾಲಿನದ್ದು ಸರಿಯಾಗಿ ಅಲ್ಲೇ ಇತ್ತು, ತಮಾ.”